ಖಂಡೇರಾಜುರಿಯ ಪಾಯಪ್ಪ

ಮಿರಜದ ಸಭಾಭವನದ ಬಾಗಿಲಲ್ಲಿ ನಿಂತು ಭರತೇಶ ಒಳಬರುವ ಒಂದೊಂದು ಮುಖವನ್ನೂ ಅಳೆಯುತ್ತಿದ್ದ. ಇವರಲ್ಲಿ ಪಾಯಪ್ಪ ಯಾರು? ವರ್ಷದಿಂದ ಸುಶೀಲಾಬಾಯಿಯವರ ಬೆನ್ನು ಬಿದ್ದ ಆ ಮನುಷ್ಯನನ್ನು ಇವತ್ತಾದರೂ ಕಣ್ಣಾರೆ ನೋಡಬೇಕಿತ್ತು.

ಸುಶೀಲಾಬಾಯಿ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಊರಿಗೆ ಇಂಟರ್‌ನೆಟ್ ಬಂದ ಹೊಸದರಲ್ಲಿ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದರು. ಯಾವ ಹವೆಯಲ್ಲಿ ದ್ರಾಕ್ಷಿಗೆ ಯಾವ ಔಷಧಿ ಹೊಡೆಯಬೇಕೆಂದು ಅದು ಹೇಳುತ್ತಿತ್ತು. ಯಾರು ಬೇಕಾದರೂ ಬಳಸಲಿ, ಯಾರು ಬೇಕಾದರೂ ತಿದ್ದಲಿ ಎಂದು ಅದನ್ನು ತೆರೆದಿಟ್ಟರು. ಬಳಸಿದವರು ಬಹಳ. ತಿದ್ದಿದವರು ಒಬ್ಬರೂ ಇಲ್ಲ. ಜೊತೆಗೂಡಿದ ಹನ್ನೆರಡು ಜನರೂ ಅವರ ಹಳೆಯ ವಿದ್ಯಾರ್ಥಿಗಳು. ಏನು ಕೇಳಿದರೂ, "ನೀವು ಅಂದಂಗ ಆಗ್ಲಿರಿ." ಅವರಲ್ಲಿ ಭರತೇಶನೇ ಮೊದಲಿಗ.

ಆಗ ಬಂತು, ಖಂಡೇರಾಜುರಿ ಊರಿನ ಪಾಯಪ್ಪ ಎಂಬಾತನ ಮೊದಲ ಈಮೇಲ್: ‘ಬಾಯಾರ ಲೆಕ್ಕ ತಪ್ಪೈತಿ. ಮಂಜು ಬಿದ್ದ ದಿನಾ ಹಿಡದಽ ಇಲ್ಲ.’

ಎಲ್ಲರೂ ಬೆಚ್ಚಿದರು. ಆದರೆ ತಪ್ಪು ನಿಜವಾಗಿತ್ತು. ಸುಶೀಲಾಬಾಯಿ ಒಪ್ಪಿಕೊಂಡು ತಿದ್ದಿದರು. ಮರುವಾರ ಇನ್ನಿಬ್ಬರು ಅಂಜುತ್ತಂಜುತ್ತ ಬೇರೆ ತಪ್ಪು ತೋರಿಸಿದರು. ಹೊಸಬರು ಬಂದರು. ಪಾಯಪ್ಪ ಅವರ ಕೈಗೆ ಸಣ್ಣಸಣ್ಣ ಕೆಲಸ ಹಚ್ಚಿದ, ಎಷ್ಟೇ ದಡ್ಡ ಪ್ರಶ್ನೆಗೂ ತಾಳ್ಮೆಯಿಂದ ಉತ್ತರಿಸಿದ. ಆಮೇಲೆ ನಿಯಮ ಬರೆಯತೊಡಗಿದ. ಯಾರ ತಿದ್ದುಪಡಿಯನ್ನೇ ಆಗಲಿ ಇಬ್ಬರು ನೋಡಿ ಒಪ್ಪಬೇಕು, ಬಾಯಾರದ್ದನ್ನೂ. ‘ಚಾವಿ ಒಬ್ಬರ ಕೈಯಾಗ ಯಾಕ?’

ಇವನು ಯಾವುದೋ ಔಷಧಿ ಕಂಪನಿಯ ಆಳೇ ಸರಿ ಎಂದು ಭರತೇಶನಿಗೆ ಖಾತ್ರಿಯಾಯಿತು.

"ಬಾಯಾರ, ಇಂವನ್ನ ಹೊರಗ ಹಾಕ್ರಿ."

"ಬ್ಯಾಡಪಾ. ಅಂವಾ ಹೇಳೂದೆಲ್ಲಾ ನನ್ನ ಮನಸ್ಸಿನ್ಯಾಗ ಇದ್ದದ್ದಽ."

ಎಂಥ ದೊಡ್ಡ ಮನಸ್ಸು! ಎಂದುಕೊಂಡ ಭರತೇಶ. ಸುಶೀಲಾಬಾಯಿ ವಿಷಮಜ್ವರದಿಂದ ಹದಿನೈದು ದಿನ ಆಸ್ಪತ್ರೆಯಲ್ಲಿದ್ದಾಗ ಪಾಯಪ್ಪನೂ ತೆಪ್ಪಗಿದ್ದ. ಅಷ್ಟಾದರೂ ಮರ್ಯಾದೆ ಇದೆಯಲ್ಲ ಎಂದು ಭರತೇಶ ಅಂದುಕೊಂಡಿದ್ದ.

ಇವತ್ತು ಬಳಗದ ಮೊದಲ ಮುಖಾಮುಖಿ ಸಭೆ, ಅಧ್ಯಕ್ಷರ ಆಯ್ಕೆ. ಹೊಸಬರು ಪಾಯಪ್ಪನ ಹೆಸರು ಸೂಚಿಸಿದರು. ಭರತೇಶ ಎದ್ದು ಸುಶೀಲಾಬಾಯಿಯವರ ಹೆಸರು ಕೂಗಿದ. "ನನ್ನ ಹೆಸರ ಬ್ಯಾಡೋ," ಎಂದು ಅವರು ಅವನ ತೋಳು ಜಗ್ಗಿದರು. ಅವನು ಕೇಳಲಿಲ್ಲ.

ಹೊಸಬರಲ್ಲಿ ಒಬ್ಬಳಾದ ಮಾಲಗಾಂವದ ಸ್ವಪ್ನಾಲಿ ಚೀಟಿ ಎಣಿಸಿದಳು. ಪಾಯಪ್ಪನಿಗೆ ನಲವತ್ತೊಂದು, ಸುಶೀಲಾಬಾಯಿಗೆ ಒಂಬತ್ತು.

"ಪಾಯಪ್ಪ ಕಾಕಾ, ಮ್ಯಾಲ ಬರ್ರಿ," ಎಂದು ಕರೆದಳು.

ಯಾರೂ ಏಳಲಿಲ್ಲ.

"ಮುಖಾ ತೋರಸಾಕ ಧೈರ್ಯ ಇಲ್ಲ ನೋಡ್ರಿ!" ಭರತೇಶ ಗುಡುಗಿದ.

ಸುಶೀಲಾಬಾಯಿ ನಿಧಾನಕ್ಕೆ ಎದ್ದು ವೇದಿಕೆ ಹತ್ತಿದರು. ಸೋಲಿಸಿದವನನ್ನೂ ಅಭಿನಂದಿಸಲು ಹೊರಟರಲ್ಲ ಎಂದು ಭರತೇಶನ ಕಣ್ಣು ತುಂಬಿ ಬಂತು. ಅವರು ಮೈಕ್ ತಗ್ಗಿಸಿಕೊಂಡರು.

"ಪಾಯಪ್ಪ ಈಗ ರಾಜೀನಾಮಾ ಕೊಡತಾನ. ನನ್ನ ತಪ್ಪ ತೋರಸಾಕ ನಿಮ್ಮೊಳಗ ಯಾರೂ ಇರಲಿಲ್ಲ, ಅದಕ್ಕ ವರ್ಷಪೂರ್ತಿ ಅವನ ಹೆಸರಿನ್ಯಾಗ ನಾನಽ ಬರದೇನಿ."