ಹತ್ತೊಂಬತ್ತು ಗಂಟೆಯ ಬುತ್ತಿ

ನೇರ ವಿಮಾನಕ್ಕೆ ಎಪ್ಪತ್ತೆರಡು ದಿನಾರ್. ನಾಲ್ಕು ಗಂಟೆ, ಮೂವತ್ತು ಕಿಲೋ ಸಾಮಾನು. ದೆಹಲಿ ಸುತ್ತಿ ಹೋದರೆ ಐವತ್ತೊಂದು. ಹತ್ತೊಂಬತ್ತು ಗಂಟೆ, ಏಳು ಕಿಲೋದ ಕೈಚೀಲ ಮಾತ್ರ. ಬಹರೈನಿನಿಂದ ಮಂಗಳೂರಿಗೆ ನೆಟ್ಟಗೆ ಹೋದರೆ ಮೂರು ಸಾವಿರ ಕಿಲೋಮೀಟರೂ ಇಲ್ಲ.

ರಾಫೆಲ್ ಮೊದಲನೆಯ ಟಿಕೆಟ್ ಕೊಂಡ. ತನ್ನ ಕಟ್ಟಡದವರಿಗೆಲ್ಲ ಎರಡನೆಯದನ್ನು ಕೊಂಡೆನೆಂದ.

ಕಾರಣವಿತ್ತು. ಬಹರೈನಿನ ಹೂರಾ ಬಡಾವಣೆಯ ಆ ಕಟ್ಟಡದಲ್ಲಿ ಯಾರು ಊರಿಗೆ ಹೊರಟರೂ ಉಳಿದವರು ಒಂದೊಂದು ಪೊಟ್ಟಣ ಹಿಡಿದು ಬರುತ್ತಾರೆ. ‘ಒಂದೇ ಕಿಲೋ’ ಎನ್ನುತ್ತಾರೆ. ತಕ್ಕಡಿ ಬೇರೆ ಹೇಳುತ್ತದೆ. ಇಲ್ಲ ಎನ್ನಲು ರಾಫೆಲ್‌ಗೆ ಬಾಯಿ ಬರದು. ಹೋದ ಎರಡು ಸಲವೂ ಖರ್ಜೂರ, ಹಾಲಿನ ಪುಡಿ, ಯಾರದೋ ಇಸ್ತ್ರಿಪೆಟ್ಟಿಗೆ ಹೊತ್ತು, ಮಗಳು ಡೈನಾಳಿಗೆಂದು ಕೊಂಡಿಟ್ಟ, ಬಟ್ಟೆಯಂಚು ಹೊಲಿಯುವ ಓವರ್‌ಲಾಕ್ ಮೆಷಿನನ್ನು ಮಂಚದಡಿಯಲ್ಲೇ ಬಿಟ್ಟುಹೋಗಿದ್ದ. ಅದೊಂದೇ ಇಪ್ಪತ್ತೆಂಟು ಕಿಲೋ. ಈ ಸಲ ಬಿಡುವಂತಿರಲಿಲ್ಲ. ಭಾನುವಾರ ಕಿನ್ನಿಗೋಳಿಯಲ್ಲಿ ಡೈನಾಳ ಹೊಲಿಗೆ ಅಂಗಡಿ ತೆರೆಯಲಿತ್ತು. ಗಿರಾಕಿ ಒಬ್ಬರೂ ಸಿಕ್ಕಿರಲಿಲ್ಲ, ಮೆಷಿನಾದರೂ ಇರಬೇಕಲ್ಲ.

ಯಾರೂ ಮರುಪ್ರಶ್ನೆ ಕೇಳಲಿಲ್ಲ. ಇಪ್ಪತ್ತೊಂದು ದಿನಾರ್ ಉಳಿಯುವುದಾದರೆ ರಾಫೆಲ್ ಊರಿಗೆ ನಡೆದೇ ಹೋದಾನು ಎಂಬ ಖ್ಯಾತಿ ಅವನಿಗಿತ್ತು.

“ಹತ್ತೊಂಬತ್ತು ಗಂಟೆಯಾ ಮಾರಾಯ್ರೆ?” ಎರಡನೇ ಮಹಡಿಯ ನರ್ಸ್ ಫಿಲೊಮಿನಾ ಕೆನ್ನೆಗೆ ಕೈಯಿಟ್ಟಳು. “ಅಷ್ಟರಲ್ಲಿ ನಂದು ಎರಡು ಡ್ಯೂಟಿ ಮುಗಿದು ಒಂದು ನಿದ್ದೆಯೂ ಆಗ್ತದೆ.”

“ಎಂತ ಮಾಡುದು ಫಿಲೊಮಿನಾ ಬಾಯಿ, ಬಡವರ ದಾರಿ ಉದ್ದ.”

“ಪಾರ್ಸೆಲ್ ಕೊಡುದಿಲ್ಲ ಬಿಡಿ. ಆದ್ರೆ ಉಪವಾಸ ಕಳಿಸ್ಲಿಕ್ಕೆ ಆಗ್ತದಾ?”

ಹೊರಡುವ ಬೆಳಿಗ್ಗೆ ಕೋಣೆಯ ಜೊತೆಗಾರ ಚನಿಯ ತನ್ನ ವ್ಯಾನು ತಂದ. ರಟ್ಟಿನ ಪೆಟ್ಟಿಗೆ ಎತ್ತುವಾಗ ಅವನ ಸೊಂಟ ಬಾಗಿತು.

“ಏಳು ಕಿಲೋ ಭಾರೀ ಉಂಟಲ್ಲ ರಾಫೆಲಣ್ಣ?”

“ಅದು ಕಾರ್ಗೋದವರಿಗೆ ಕೊಡ್ಲಿಕ್ಕೆ. ಏರ್‌ಪೋರ್ಟ್ ಹತ್ರ.”

“ಹೌದಾ,” ಎಂದ ಚನಿಯ. ಶಿಳ್ಳೆ ಹಾಕತೊಡಗಿದ.

ಅಷ್ಟರಲ್ಲಿ ಫಿಲೊಮಿನಾ ಓಡಿಬಂದಳು. ಬಟ್ಟೆಯ ಚೀಲದಲ್ಲಿ ಎರಡು ದೊಡ್ಡ ಐಸ್‌ಕ್ರೀಮ್ ಡಬ್ಬ, ಸುತ್ತ ಟೇಪು. “ಬುತ್ತಿ. ಮೂರು ಮನೆಯವರು ಸೇರಿ ಕಟ್ಟಿದ್ದು. ದೆಹಲಿ ದಾಟುವವರೆಗೆ ಬಿಚ್ಚಬೇಡಿ, ಆಯ್ತಾ?”

ಡಬ್ಬಗಳು ಹಗುರವಾಗಿದ್ದವು. ಹತ್ತೊಂಬತ್ತು ಗಂಟೆಗೆ ಇಷ್ಟೇನಾ ಎಂದುಕೊಂಡ ರಾಫೆಲ್, ಮರುಕ್ಷಣವೇ ನಾಚಿದ. ವಿಮಾನದಲ್ಲಿ ನಾಲ್ಕು ಗಂಟೆಯೂ ಹಸಿದೇ ಕೂತ. ಸುಳ್ಳು ಹೇಳಿ ಪಡೆದ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ.

ಸಂಜೆ ಏಳಕ್ಕೆ ಮನೆ. ಡೈನಾ ಮೆಷಿನಿನ ಮೇಲೆ ಕೈಯಾಡಿಸಿದಳು, ಕಣ್ಣೊರೆಸಿಕೊಂಡಳು. ಆಮೇಲೆ ಚೀಲ ಕಂಡಿತು. “ಇದು ಹಳಸ್ತದೆ ಪಪ್ಪಾ,” ಎನ್ನುತ್ತ ಟೇಪು ಕಿತ್ತಳು.

ಒಳಗೆ ಚಪಾತಿ ಇರಲಿಲ್ಲ. ಆರು ಬ್ಲೌಸ್ ಪೀಸ್, ಅಳತೆಗೆ ಮೂರು ಹಳೆಯ ಬ್ಲೌಸ್, ಒಂದು ಚೀಟಿ.

“ಡೈನಾ, ನಿನ್ನ ಅಂಗಡಿಗೆ ಮೊದಲ ಗಿರಾಕಿಗಳು ನಾವೇ. ಹೊಲಿದು ಪಪ್ಪನ ಕೈಯಲ್ಲಿ ಕಳಿಸು. ಬರುವಾಗಲೂ ಅವರದು ಅದೇ ನಾಲ್ಕು ಗಂಟೆಯ ವಿಮಾನ. ಟಿಕೆಟಿನ ಪ್ರಿಂಟನ್ನು ಚನಿಯ ಹೋದ ತಿಂಗಳೇ ಅವರ ತಲೆದಿಂಬಿನಡಿ ನೋಡಿದ್ದಾನೆ.”

ರಾಫೆಲ್ ಕಳೆದುಕೊಂಡದ್ದು ಹದಿನೈದು ಗಂಟೆ ಉದ್ದದ ಒಂದು ಸುಳ್ಳು, ಒಂದು ಹೊತ್ತಿನ ಊಟ. ಡೈನಾಳಿಗೆ ಸಿಕ್ಕಿದ್ದು ಮೂವರು ಗಿರಾಕಿಗಳು.