ಮೆಕ್ಯಾನಿಕ್‌ನ ಸ್ವಂತ ಕಾರು

ಫ್ಯೂಸ್ ಸುಟ್ಟಿದ್ದರೆ ಒಂದು ಲೋಟ ಚಹಾದ ಖರ್ಚು. ಫ್ಯಾನ್ ಬೆಲ್ಟ್ ಹರಿದಿದ್ದರೆ ಹೋಟೆಲಿನಲ್ಲಿ ಮನೆಮಂದಿಯ ಒಂದು ಊಟದ ಖರ್ಚು. ಬ್ಯಾಟರಿ ಸತ್ತಿದ್ದರೆ ಅರ್ಧ ತಿಂಗಳ ಸಂಬಳ. ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಹೋಗಬೇಕಾದರೆ ಹಣಕ್ಕಿಂತ ಮಾನದ ಖರ್ಚೇ ಜಾಸ್ತಿ. ಅದರಲ್ಲೂ ಕಾರು ಮೆಕ್ಯಾನಿಕ್‌ನ ಸ್ವಂತದ್ದಾದರೆ.

ಹೆದ್ದಾರಿ ಬದಿಯ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ಮೆಕ್ಯಾನಿಕ್‌ನ ಹೆಂಡತಿ ಈ ಲೆಕ್ಕ ಹಾಕುತ್ತಿದ್ದಳು. ಗ್ಯಾರೇಜಿನವನ ಜೊತೆ ಸಂಸಾರ ಮಾಡಿದವಳಿಗೆ ಇಷ್ಟಾದರೂ ಗೊತ್ತಿರುತ್ತದೆ. ಚಹಾಕ್ಕೆಂದು ನಿಲ್ಲಿಸಿದ ಹಳೇ ಕಾರು ಮತ್ತೆ ಹೊರಡಲೊಲ್ಲದು. ಕೀಲಿ ತಿರುಗಿಸಿದರೆ ಎಂಜಿನ್ ಗರಗರ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ.

"ಮಾವ, ವಿಮಾನ ನಮಗೋಸ್ಕರ ಕಾಯಲ್ಲ," ಎಂದ ಅಳಿಯ.

ಅವನ ಬಿಳಿ ಅಂಗಿಯ ಜೇಬಿನಲ್ಲಿ ಎರಡು ಪಾಸ್‌ಪೋರ್ಟ್‌ಗಳಿದ್ದವು. ಒಂದು ಅವನದು, ಇನ್ನೊಂದು ಅವನ ಹೆಂಡತಿಯದು, ಅಂದರೆ ಮೆಕ್ಯಾನಿಕ್‌ನ ಮಗಳದು. ಅವನಿಗೆ ಕಡಲಾಚೆ ಕೆಲಸ ಸಿಕ್ಕಿತ್ತು. ಸಂಜೆ ಇಬ್ಬರೂ ವಿಮಾನ ಹತ್ತಿದರೆ ಆಮೇಲೆ ಮಗಳ ದನಿ ಫೋನಿನಲ್ಲಿ ಮಾತ್ರ. ಅದೂ ಅವನು ಫೋನು ಕೊಟ್ಟಾಗ.

ಇಂಥ ಸೆಕೆಯಲ್ಲೂ ಮಗಳು ಮಣಿಕಟ್ಟಿನವರೆಗೆ ತೋಳಿರುವ ಅಂಗಿ ಹಾಕಿದ್ದಳು. ಯಾಕೆಂದು ತಾಯಿ ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತೆಂಬ ಭಯ. ಬಂದರೆ ತನ್ನ ಕೈಲಿ ಆಗುವುದಾದರೂ ಏನು? ಅಪ್ಪ ಬೆಳಿಗ್ಗೆ ಡಿಕ್ಕಿಗೆ ಸೂಟ್‌ಕೇಸ್ ಇಡುತ್ತಾ ಒಂದೇ ಮಾತು ಕೇಳಿದ್ದ: "ಹೋಗ್ತೀಯೇನಮ್ಮ?" ಅಳಿಯ ಪಕ್ಕದಲ್ಲೇ ನಿಂತಿದ್ದ. ಮಗಳು "ಹೂಂ" ಎಂದಳು. ಅಪ್ಪ ಡಿಕ್ಕಿ ಮುಚ್ಚಿದ. ಅಷ್ಟೇ.

ಅಂಗಡಿಯ ಮುಂದೆ ನಿಲ್ಲಿಸಿದಾಗ ಎಲ್ಲರೂ ಬೆಂಚಿಗೆ ಬಂದರೂ ಮಗಳು ಕಾರಿನ ಹತ್ತಿರವೇ ಉಳಿದಿದ್ದಳು. ದಾರಿಯಲ್ಲಿ ನಿಂತಾಗಲೆಲ್ಲ ಬಾನೆಟ್ ಎತ್ತಿ ಆಯಿಲ್ ನೋಡುವುದು ಚಿಕ್ಕಂದಿನಿಂದಲೂ ಅವಳ ಪಾಲಿನ ಕೆಲಸ. "ಮೆಕ್ಯಾನಿಕ್ ಮಗಳು ಅಂತ ಊರಿಗೆಲ್ಲ ಸಾರಬೇಕಾ?" ಎಂದು ಗಂಡ ಚುಚ್ಚಿದ. ಅವಳು ಬಾನೆಟ್ ಮುಚ್ಚಿ ಬಂದು ತಾಯಿಯ ಪಕ್ಕ ಕುಳಿತಳು. ಚಹಾ ಮುಟ್ಟಲಿಲ್ಲ. ಎಡಗೈ ಮುಷ್ಟಿ ಬಿಗಿದು ಮಡಿಲಲ್ಲಿಟ್ಟುಕೊಂಡಳು. ಹೆದರಿದಾಗ ಅವಳು ಹಾಗೇ.

ಮೆಕ್ಯಾನಿಕ್ ಮೊದಲು ಬ್ಯಾಟರಿಯ ಮೇಲಿನ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆದ. ವೈರುಗಳು ಹೊರಟಿದ್ದ ಕಪ್ಪು ಮುಚ್ಚಳ ತೆಗೆದು ಒಳಗೆ ಇಣುಕಿದ. ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ. ಮತ್ತೆ ಮುಚ್ಚಿ ಕ್ಲಿಪ್ಪು ಹಾಕಿದ.

"ಏನಾಗಿದೆ ಮಾವ?"

"ಗೊತ್ತಾಗ್ತಿಲ್ಲ. ಒಂದೊಂದಾಗಿ ನೋಡ್ಬೇಕು."

ಒಂದೊಂದಾಗಿ ನೋಡಿದ. ಫ್ಯೂಸುಗಳನ್ನೆಲ್ಲ ಕಿತ್ತು ಬಿಸಿಲಿಗೆ ಹಿಡಿದ. ಪೆಟ್ರೋಲ್ ಪೈಪು ಬಿಚ್ಚಿ ಊದಿದ. ಪ್ಲಗ್ಗುಗಳನ್ನು ತೆಗೆದು ಉಜ್ಜಿ ಹಾಕಿದ, ಏನೋ ನೆನಪಾದಂತೆ ಮತ್ತೆ ತೆಗೆದ. ರಸ್ತೆಯ ಆಚೆ ಬದಿಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮನುಷ್ಯ. ಇವತ್ತು ಗರಬಡಿದವನ ಹಾಗೆ ಆಡುತ್ತಿದ್ದ. ಅವನ ಹೆಂಡತಿ ಮುಖ ತಿರುಗಿಸಿಕೊಂಡಳು. ನೋಡಲಾಗಲಿಲ್ಲ.

ಲಾರಿಯವನೊಬ್ಬ ಚಹಾ ಮುಗಿಸಿ ಹತ್ತಿರ ಬಂದ. "ನಾನೊಂದು ಕೈ ನೋಡ್ಲಾ ಯಜಮಾನ್ರೇ?"

"ಬೇಡಪ್ಪ. ನನ್ನ ಗಾಡೀನ ಬೇರೆಯವರು ಮುಟ್ಟೋದು ನನಗಾಗಲ್ಲ."

"ರೀ, ನೋಡ್ಲಿ ಬಿಡ್ರೀ," ಎಂದಳು ಹೆಂಡತಿ. ಅವನು ಕೇಳಿಸದವನಂತೆ ಸ್ಪ್ಯಾನರ್ ಹುಡುಕಿದ. ಜಂಬ ಮಾತ್ರ ಸಾಯುವವರೆಗೂ ಹೋಗಲ್ಲ ಎಂದುಕೊಂಡಳು.

ಅಳಿಯ ಕಾರು ತಳ್ಳಿದ. ಅವನ ಬಿಳಿ ಅಂಗಿಗೆ ಕರಿ ಹತ್ತಿತೇ ಹೊರತು ಎಂಜಿನ್ ಹತ್ತಲಿಲ್ಲ. ಟ್ಯಾಕ್ಸಿ ಸಿಗುತ್ತದಾ ಎಂದು ಕೇಳಿದ್ದಕ್ಕೆ ಅಂಗಡಿಯವನು ನಕ್ಕ. "ಈ ರಸ್ತೇಲಿ ಟ್ಯಾಕ್ಸಿ ಬೇಕಂದ್ರೆ ಹಿಂದಿನ ದಿನವೇ ಹೇಳ್ಬೇಕು ಸ್ವಾಮಿ."

ಕೊನೆಗೆ ಒಂದು ಸರಕಿನ ವ್ಯಾನ್ ಬಂತು. ಡ್ರೈವರ್ ಪಕ್ಕ ಇದ್ದದ್ದು ಒಂದೇ ಸೀಟು. ಅಳಿಯ ತನ್ನ ಸೂಟ್‌ಕೇಸ್ ಎತ್ತಿಕೊಂಡ.

"ನಾಳೆ ಕೆಲಸಕ್ಕೆ ಹಾಜರಾಗದಿದ್ರೆ ಕೆಲಸಾನೇ ಇರಲ್ಲ. ಇವಳಿಗೆ ಆಮೇಲೆ ಟಿಕೆಟ್ ಕಳಿಸ್ತೀನಿ." ಹತ್ತುವ ಮೊದಲು ತಿರುಗಿದ. "ಅಲ್ಲ ಮಾವ, ಇಷ್ಟು ವರ್ಷ ಗ್ಯಾರೇಜಲ್ಲಿ ಏನು ಕಡಿದು ಗುಡ್ಡೆ ಹಾಕಿದ್ರಿ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೆಕ್ಯಾನಿಕ್ ತಲೆ ತಗ್ಗಿಸಿದ. "ವಯಸ್ಸಾಯ್ತು ಅಳಿಯಂದಿರೇ. ಕೈಲಾಗ್ತಿಲ್ಲ."

ವ್ಯಾನ್ ಎಬ್ಬಿಸಿದ ಧೂಳು ಕುಳಿತಿತು. ಮೆಕ್ಯಾನಿಕ್ ಹಳೇ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. ಬೆಂಚಿನ ಹತ್ತಿರ ಬಂದ. ಮಗಳ ಮುಂದೆ ನಿಂತು ಅಂಗೈ ಚಾಚಿದ.

"ಕೊಡಮ್ಮ," ಎಂದ.

ಮಗಳು ಮುಷ್ಟಿ ಬಿಚ್ಚಿದಳು. ಬಿಗಿಯಾಗಿ ಹಿಡಿದು ಹಿಡಿದು ಅಂಗೈಯಲ್ಲಿ ಅಚ್ಚು ಮೂಡಿತ್ತು. ಅಲ್ಲಿದ್ದದ್ದು ಪ್ಲಗ್ಗುಗಳಿಗೆ ಕಿಡಿ ಹಂಚುವ, ಹೆಬ್ಬೆರಳಷ್ಟು ದೊಡ್ಡ ರೋಟರ್. ಆ ಕಪ್ಪು ಮುಚ್ಚಳದ ಕೆಳಗಿರಬೇಕಾದದ್ದು. ಅದಿಲ್ಲದೆ ಕಾರು ಬರೀ ಕಬ್ಬಿಣ.

ತಾಯಿಗೆ ಹಳೇ ಬೀದಿ ನೆನಪಾಯಿತು. ಅಲ್ಲಿ ಕಾರು ಕಳ್ಳರ ಕಾಟ. ರಾತ್ರಿ ಗಂಡ ರೋಟರ್ ಕಿತ್ತು ತಂದು ಪುಟ್ಟ ಮಗಳ ಕೈಗೆ ಕೊಡುತ್ತಿದ್ದ. ಅವಳು ದಿಂಬಿನಡಿ ಇಟ್ಟು ಮಲಗುತ್ತಿದ್ದಳು. ಬೆಳಿಗ್ಗೆ ಅವನು ಅಂಗೈ ಚಾಚುತ್ತಿದ್ದದ್ದು ಹೀಗೇ.

"ಯಾವಾಗ ಗೊತ್ತಾಯ್ತಪ್ಪ?" ಎಂದಳು ಮಗಳು.

"ಮುಚ್ಚಳ ತೆಗೆದಾಗಲೇ. ಬೆಳಿಗ್ಗೆ ಕೇಳಿದ್ದಕ್ಕೆ ನೀನು ಅಲ್ಲಿ ಉತ್ತರ ಕೊಟ್ಟಿದ್ದೆ."

ಕಾರು ಮೊದಲ ಸಲಕ್ಕೇ ಹತ್ತಿಕೊಂಡಿತು. ಹೋದದ್ದು ಒಂದು ಪಾಸ್‌ಪೋರ್ಟ್, ಒಬ್ಬ ಮೆಕ್ಯಾನಿಕ್‌ನ ಹೆಸರು. ಉಳಿದದ್ದು ಮಗಳು.