ಬಾಯಿಗೆ ಬಾರದ ಹೆಸರು

ಈ ಸಲ, ವರ್ಷದ ಸ್ಮರಣೆಯ ಸಭೆ ನಡೆಸುವ ಶುಭಾಂಗಿ ಹೊಸ ನಿಯಮ ತಂದಿದ್ದಳು. ತೀರಿಕೊಂಡವರ ಹೆಸರನ್ನು ಅವರವರ ಹೆಂಡತಿಯರೇ ಮೈಕಿನಲ್ಲಿ ಹೇಳಬೇಕಂತೆ. ಟಿವಿಯವರು ಬಂದಿದ್ದಾರೆ, ದೇಶವೇ ನೋಡುತ್ತದೆ ಎಂದಳು. ಸುಂದ್ರವ್ವನಿಗೆ ಸಾಕುಸಾಕಾಗಿತ್ತು. ಲೋಕಲ್ ರೈಲಿನ ಬಾಂಬಿಗೆ ಮಗ ಹೋದ ಮೇಲೆ ವರ್ಷಾ ವರ್ಷಾ ಸಾಂತಾಕ್ರೂಜ್ ಸ್ಟೇಷನ್ನಿನ ಎದುರು ಅದೇ ಫೋಟೊ, ಅದೇ ಮೇಣದಬತ್ತಿ, ಅದೇ ಭಾಷಣ. ಮರೆಯಬೇಡಿ ಎಂದವರು ಸಂಜೆಗೆಲ್ಲ ಮರೆತು ಮನೆ ಸೇರುತ್ತಿದ್ದರು.

ಇಷ್ಟು ವರ್ಷ ಮಗನ ಹೆಸರು ಹೇಳುತ್ತಿದ್ದವಳು ಸುಂದ್ರವ್ವನೇ. ಸೊಸೆ ಮಹಾದೇವಿ ಫೋಟೊ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಮದುವೆಯಾಗಿ ಬಂದ ದಿನವೇ ಕಲಿಸಿದವಳು ಇದೇ ಅತ್ತೆ. ಇನ್ನೆಲ್ಲಿಯ ಆಯುಷ್ಯ! ಆದರೂ ಸೊಸೆ ಅದನ್ನೇ ಪಾಲಿಸಿಕೊಂಡು ಬಂದಿದ್ದಳು, ಗಂಡ ಇನ್ನೂ ಇದ್ದಾನೇನೋ ಎಂಬಂತೆ.

ಸುಂದ್ರವ್ವನ ಸಂಕಟವೂ ಅದೇ. ಅವರ ಚಾಳಿನಲ್ಲೇ ಇರುವ ರಿಕ್ಷಾದ ಕಾಶಿನಾಥ, ಹೆಂಡತಿ ಸತ್ತವನು, ಒಳ್ಳೆಯವನು, ಮಹಾದೇವಿಯನ್ನು ಮದುವೆಗೆ ಕೇಳಿ ತಿಂಗಳುಗಳೇ ಆಗಿದ್ದವು. ಅತ್ತೆ ಒಪ್ಪಿದ್ದಳು. ಸೊಸೆಯದು ಹೂಂ ಇಲ್ಲ, ಉಹೂಂ ಇಲ್ಲ. "ಕಾಶಿನಾಥಗ ಇನ್ನಷ್ಟ ದಿನ ತಡಿ ಅನ್ರಿ," ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದ್ದಳು.

ಈಗ ಮೈಕು ಮಹಾದೇವಿಯ ಮುಂದೆ ಬಂತು. ಸುಂದ್ರವ್ವ ಅಡ್ಡ ಕೈ ಹಾಕಿದಳು.

"ನೀ ಬಿಡವ್ವಾ, ನಾನ ಹೇಳ್ತೀನಿ."

ಮಹಾದೇವಿ ಅತ್ತೆಯ ಕೈಯನ್ನು ಮೆಲ್ಲಗೆ ಸರಿಸಿದಳು. ಫೋಟೊದ ಮೇಲಿನ ಮಳೆಹನಿಯನ್ನು ಸೆರಗಿನಿಂದ ಒರೆಸಿದಳು.

"ಯಲ್ಲಾಲಿಂಗ," ಎಂದಳು, ಓಣಿಯ ಯಾರನ್ನೋ ಕರೆದಂತೆ.

ಜನ ತಲೆ ತಗ್ಗಿಸಿದರು. ಕ್ಯಾಮೆರಾದವನು ಇನ್ನಷ್ಟು ಹತ್ತಿರ ಬಂದ. ಸುಂದ್ರವ್ವ ಮಾತ್ರ ಮಗ ಇವತ್ತೇ ಸತ್ತನೆಂಬಂತೆ ಬಿಕ್ಕಿ ಬಿಕ್ಕಿ ಅತ್ತಳು. ಅಳುವಾಗಲೇ ಮನಸ್ಸು ಹಗುರವಾಯಿತು, ಹಗುರವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಮಳೆ ಜೋರಾಗಿ ಮೇಣದಬತ್ತಿಗಳು ಆರಿದವು, ಗುಂಪು ಕರಗಿತು. ರಸ್ತೆಯ ಆಚೆ ಒಂದು ರಿಕ್ಷಾ ನಿಂತಿತ್ತು, ಪಕ್ಕದಲ್ಲಿ ಕೊಡೆ ಹಿಡಿದ ಒಬ್ಬ ಗಂಡಸು. ಸುಂದ್ರವ್ವನ ಪೊರೆ ಬಂದ ಕಣ್ಣಿಗೆ ಅಷ್ಟೇ ಕಂಡದ್ದು.

"ಯಾರವ್ವಾ ಅಲ್ಲಿ ನಿಂತಾವ?"

"ಕಾಶಿ..." ಎಂದು ಬಾಯಿ ತೆರೆದ ಮಹಾದೇವಿ ಅಲ್ಲಿಗೇ ನಿಲ್ಲಿಸಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಅವರು ಬಂದಾರ್ರಿ ಅತ್ತಿ. ನಡೀರಿ."